ಬೆಂಗಳೂರಿನ ಬೆಂಕಿ ಅವಘಡಗಳು ಮತ್ತು ಬೆಳಗಾವಿಯ ಹಳೆಯ ಪೇಟೆ

ಪ್ರತಿ ವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಠಾಣೆಗಳಲ್ಲಿ ಸೇವಾ ಸಪ್ತಾಹ ನಡೆಯುತ್ತದೆ. 1944ರ ಅದೇ ದಿನ ಮುಂಬೈ ಬಂದರಿನಲ್ಲಿ ಹತ್ತಿಯನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ತುಂಬಿಕೊಂಡಿದ್ದ ಹಡಗು ಸಿಡಿದು, ಬೆಂಕಿ ಆರಿಸಲು ಹೋಗಿದ್ದ 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಬೆಳಗಾವಿ ಆಗ ಮುಂಬೈ ಪ್ರಾಂತದಲ್ಲಿತ್ತು. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಸೇರಿತು, 1964ರಲ್ಲಿ ರಾಜ್ಯಕ್ಕೆ ತನ್ನದೇ ಅಗ್ನಿಶಾಮಕ ಕಾಯ್ದೆ ಬಂತು. ಅಲ್ಲಿಂದಾಚೆಗೆ ಈ ವಿಷಯದ ಚರ್ಚೆಯೆಲ್ಲ ಹೆಚ್ಚಾಗಿ ಬೆಂಗಳೂರಿನ ದುರಂತಗಳ ಸುತ್ತಲೇ ಬೆಳೆದಿದೆ.

1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್‌ನ ಡೇರೆಗೆ ಬೆಂಕಿ ಹೊತ್ತಿ 92 ಜನ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು.

ಬಹುಮಹಡಿ ಕಟ್ಟಡಗಳ ಪ್ರಶ್ನೆ ಜನರ ಬಾಯಿಗೆ ಬಂದದ್ದು 2010ರ ಫೆಬ್ರುವರಿ 23ರ ನಂತರ. ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಅಂದು ವಿದ್ಯುತ್ ಕೇಬಲ್ ಹಾದುಹೋಗುವ ಡಕ್ಟ್‌ನಲ್ಲಿ ಎದ್ದ ಬೆಂಕಿ ಇಡೀ ಕಟ್ಟಡವನ್ನು ಸುಡಲಿಲ್ಲ. ಆದರೆ ಅದರ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಮೆಟ್ಟಿಲ ದಾರಿ ಸಿಗದೆ ಕೆಲವರು ಕಿಟಕಿ ಒಡೆದು ಕೆಳಗೆ ಜಿಗಿದರು, ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಮೃತರ ಬಂಧುಗಳು ಸಂಘಟನೆ ಕಟ್ಟಿ ವರ್ಷಗಟ್ಟಲೆ ಹೋರಾಡಿದ್ದರಿಂದಲೇ ಸುರಕ್ಷತಾ ಪ್ರಮಾಣಪತ್ರ, ತಪಾಸಣೆ ಎಂಬ ಮಾತುಗಳು ಕಡತದಿಂದ ಹೊರಗೆ ಬಂದವು. ಆದರೆ ಚರ್ಚೆ ಬಹುಮಟ್ಟಿಗೆ ಎತ್ತರದ ಸುತ್ತಲೇ ನಿಂತುಬಿಟ್ಟಿತು. ರಾಷ್ಟ್ರೀಯ ಕಟ್ಟಡ ಸಂಹಿತೆಯು 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡವನ್ನು ಬಹುಮಹಡಿ ಎನ್ನುತ್ತದೆ. ಅದೂ ಮಾರ್ಗದರ್ಶಿಯಷ್ಟೇ, ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳು ತಮ್ಮ ನಿಯಮಗಳಲ್ಲಿ ಸೇರಿಸಿಕೊಂಡಾಗಲೇ ಅದಕ್ಕೆ ಬಲ.

ಮುಂದಿನ ಸಾವುಗಳು ಗಗನಚುಂಬಿಗಳಲ್ಲಿ ಸಂಭವಿಸಲಿಲ್ಲ. 2018ರ ಜನವರಿ 8ರ ನಸುಕಿನಲ್ಲಿ ಕಲಾಸಿಪಾಳ್ಯದ ಬಾರೊಂದರೊಳಗೆ ಮಲಗಿದ್ದ ಐವರು ಕೆಲಸಗಾರರು ಸತ್ತರು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಹದಿನಾಲ್ಕಕ್ಕೂ ಹೆಚ್ಚು ಮಂದಿ ಬಲಿಯಾದರು. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯಲ್ಲಿ, ಕೆಳಗೆ ಸರಕು, ಮೇಲೆ ಸಂಸಾರವಿದ್ದ ಕಟ್ಟಡದಲ್ಲಿ ಐವರು ಸತ್ತರು.

ಈ ಕೊನೆಯ ಸುದ್ದಿ ಬೆಳಗಾವಿಯವರಿಗೆ ದೂರದ್ದೆನಿಸಬಾರದು. ಖಡೇಬಜಾರ್, ಗಣಪತ ಗಲ್ಲಿಗಳಲ್ಲಿ ತಿರುಗಾಡಿದವರಿಗೆ ಆ ಬಗೆಯ ಕಟ್ಟಡ ಚೆನ್ನಾಗಿ ಗೊತ್ತು: ಎರಡು ಅಂಗಡಿಗಳ ನಡುವೆ ಒಬ್ಬರೇ ಹತ್ತಬಹುದಾದ ಮೆಟ್ಟಿಲು, ಅದರ ಬುಡದಲ್ಲೇ ಮೀಟರ್ ಬೋರ್ಡ್, ಬೋರ್ಡಿಗೆ ಒರಗಿಸಿಟ್ಟ ರಟ್ಟಿನ ಪೆಟ್ಟಿಗೆಗಳು. ಬೆಂಕಿ ಹತ್ತುವ ಜಾಗವೂ ಪಾರಾಗುವ ದಾರಿಯೂ ಇಲ್ಲಿ ಒಂದೇ. ಹಬ್ಬದ ಸಂತೆಯಲ್ಲಿ ಬೈಕು, ಕೈಗಾಡಿಗಳು ತುಂಬಿದ ಗಲ್ಲಿಗೆ ಅಗ್ನಿಶಾಮಕ ವಾಹನ ನುಗ್ಗುವುದು ಸುಲಭವಲ್ಲ. ಇಲ್ಲಿನ ಬಹಳಷ್ಟು ಕಟ್ಟಡಗಳು 15 ಮೀಟರ್‌ಗಿಂತ ಕೆಳಗಿರುವುದರಿಂದ ಬಹುಮಹಡಿಗಳ ಕುರಿತ ಚರ್ಚೆ ಅವುಗಳ ಹೊಸ್ತಿಲವರೆಗೆ ಬರುವುದೇ ಇಲ್ಲ. 2024ರ ಆಗಸ್ಟ್ 6ರಂದು ನಗರದ ಹೊರವಲಯದ ನಾವಗೆಯ ಕಾರ್ಖಾನೆಗೆ ಬೆಂಕಿ ಬಿದ್ದಾಗ ಲಿಫ್ಟ್‌ನಲ್ಲಿ ಸಿಲುಕಿದ ಕಾರ್ಮಿಕರೊಬ್ಬರು ಸತ್ತರು. ಅಲ್ಲಿಯೂ ಹೊರಬರುವ ದಾರಿಯೇ ಮುಖ್ಯ ಪ್ರಶ್ನೆಯಾಗಿತ್ತು.

ಎತ್ತರದ ಜೊತೆಗೆ ಬಳಕೆಯನ್ನೂ ಅಳೆಯುವ ಪದ್ಧತಿ ಬರಬೇಕೆಂಬುದು ನ್ಯಾಯವಾದ ಬೇಡಿಕೆ. ಅದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. ಪಾಲಿಕೆಯ ವ್ಯಾಪಾರ ಪರವಾನಗಿ ನವೀಕರಣಕ್ಕೆ ಬರುವಾಗಲೇ ಮೆಟ್ಟಿಲು ತೆರವಾಗಿದೆಯೇ, ಮೇಲೆ ಯಾರಾದರೂ ಮಲಗುತ್ತಾರೆಯೇ, ಎರಡನೆಯ ಬಾಗಿಲಿದೆಯೇ ಎಂದು ಸ್ಥಳಕ್ಕೆ ಹೋಗಿ ನೋಡಿ ಬರೆದುಕೊಳ್ಳಬಹುದು.