ಸಿಗ್ನಲ್‌ನಲ್ಲಿ ಆಫ್ ಆಗುವ ಹಳೆ ಮಾರುತಿ 800: ಇಂಜಿನ್ ಬಿಚ್ಚಿಸಲೇಬೇಕಾ?

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ 1997ರ ಮಾರುತಿ 800 ಮನೆಯಲ್ಲಿದೆ. ಗಾಳಿ, ಪೆಟ್ರೋಲ್ ಬೆರೆಸಲು ಕಾರ್ಬ್ಯುರೇಟರ್ ಇರುವ ಗಾಡಿ. ಎರಡು ವರ್ಷ ಶೆಡ್‌ನಲ್ಲೇ ನಿಂತಿತ್ತು, ಈಗ ಮತ್ತೆ ತೆಗೆದಿದ್ದೇನೆ. ರಸ್ತೆಯಲ್ಲಿ ಚೆನ್ನಾಗಿ ಓಡುತ್ತದೆ. ಆದರೆ ಸಿಗ್ನಲ್‌ನಲ್ಲಿ ನಿಲ್ಲಿಸಿದರೆ ಗಡಗಡ ನಡುಗಿ ಆಫ್ ಆಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಸದ್ದು ಬೇರೆ. ಮೆಕ್ಯಾನಿಕ್ ನೋಡಿ, ಇಂಜಿನ್ ಬಿಚ್ಚಿ ಬೋರ್ ಮಾಡಿಸಬೇಕು ಅಂದರು. ಮಾಡಿಸಬೇಕಾ?

ಉತ್ತರ: ಈಗಲೇ ಬೇಡ. ನೀವು ಹೇಳಿದ ಲಕ್ಷಣಗಳಲ್ಲಿ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್‌ನ ಒಳಗೋಡೆ) ಹೋಗಿದೆ ಎನ್ನುವುದಕ್ಕೆ ಒಂದೂ ಆಧಾರವಿಲ್ಲ. ಬೋರ್ ಸವೆದ ಗಾಡಿ ನೀಲಿ ಹೊಗೆ ಬಿಡುತ್ತದೆ, ಆಯಿಲ್ ಕುಡಿಯುತ್ತದೆ, ಏರಿನಲ್ಲಿ ಎಳೆಯುವುದಿಲ್ಲ. ನಿಮ್ಮದು ರಸ್ತೆಯಲ್ಲಿ ಚೆನ್ನಾಗಿ ಓಡುತ್ತಿದೆ ಅಂತ ನೀವೇ ಬರೆದಿದ್ದೀರಿ. ಹಾಗಾದರೆ ತೊಂದರೆ ಬಹುಶಃ ಗಾಳಿ ಮತ್ತು ಪೆಟ್ರೋಲ್ ಬೆರೆಯುವ ಕಡೆಯೇ ಇದೆ.

ಓಡುವಾಗ ಸರಿಯಿದ್ದು ನಿಂತಾಗ ಮಾತ್ರ ಯಾಕೆ ಆಫ್ ಆಗುತ್ತದೆ? ಐಡ್ಲಿಂಗ್‌ನಲ್ಲಿ (ರೇಸ್ ಕೊಡದೆ ಇಂಜಿನ್ ಸುಮ್ಮನೆ ಓಡುವಾಗ) ಗಾಳಿ ಬಿಡುವ ಥ್ರಾಟಲ್ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಇಂಜಿನ್‌ಗೆ ಹೋಗುವ ಗಾಳಿ ತೀರಾ ಕಡಿಮೆ. ಪೆಟ್ರೋಲ್ ಬರುವುದೂ ಸೂಜಿಮೊನೆಯಷ್ಟು ಸಣ್ಣ ತೂತಿರುವ ಸ್ಲೋ ಜೆಟ್‌ನಿಂದ. ಎರಡು ವರ್ಷ ನಿಂತ ಗಾಡಿಯಲ್ಲಿ ಪೆಟ್ರೋಲ್ ಆರಿ, ಅಂಟಿನ ಹಾಗೆ ಆಗಿ, ಮೊದಲು ಕಟ್ಟಿಕೊಳ್ಳುವುದೇ ಈ ತೂತು. ಎಲ್ಲೋ ಒಂದು ರಬ್ಬರ್ ಪೈಪ್ ಸೀಳಿ ಹೊರಗಿನ ಗಾಳಿ ನುಗ್ಗಿದರೂ ಐಡ್ಲಿಂಗ್ ಹದ ಕೆಡುತ್ತದೆ. ಅದೇ ಸೀಳು ಅರವತ್ತರ ಸ್ಪೀಡಿನಲ್ಲಿ ಗೊತ್ತೇ ಆಗುವುದಿಲ್ಲ. ಆಗ ಒಳಗೆ ಹೋಗುವ ಗಾಳಿ ಅಷ್ಟು ಜಾಸ್ತಿ ಇರುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಗಾಡಿ ಚೆನ್ನಾಗಿ ಬಿಸಿಯಾಗಲಿ. ಐಡ್ಲಿಂಗ್‌ನಲ್ಲಿ ನಡುಗುತ್ತಿರುವಾಗ ಚೋಕ್ ನಾಬ್ ಸ್ವಲ್ಪವೇ ಸ್ವಲ್ಪ ಎಳೆಯಿರಿ. ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಪಾಲು ಹೆಚ್ಚುತ್ತದೆ. ನಡುಕ ನಿಂತು ಇಂಜಿನ್ ಸಮವಾದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಗಾಳಿ ಜಾಸ್ತಿಯಾಗಿದೆ ಅಂತ ಅರ್ಥ. ಜೆಟ್ ಕಟ್ಟಿರಬೇಕು, ಇಲ್ಲ ಗಾಳಿ ಲೀಕ್ ಇರಬೇಕು. ಎಳೆದ ಕೂಡಲೇ ಇನ್ನೂ ಕೆಟ್ಟು ಕಪ್ಪು ಹೊಗೆ ಬಂದರೆ ಉಲ್ಟಾ, ಪೆಟ್ರೋಲ್ ಜಾಸ್ತಿಯಾಗುತ್ತಿದೆ. ಆಗ ಏರ್ ಫಿಲ್ಟರ್ ಮತ್ತು ಫ್ಲೋಟ್ (ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಮಟ್ಟ ಕಾಯುವ ತೇಲುವ ಭಾಗ) ನೋಡಿಸಿ.

ಗಾಳಿ ಲೀಕ್ ಹುಡುಕಲು, ಗಾಳಿ-ಪೆಟ್ರೋಲ್ ಮಿಶ್ರಣವನ್ನು ಇಂಜಿನ್‌ಗೆ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡ್‌ನಿಂದ ಹೊರಡುವ ಪೈಪ್‌ಗಳನ್ನು ಒಂದೊಂದಾಗಿ ಬೆರಳಿನಿಂದ ಅದುಮಿ ನೋಡಿ. ಯಾವುದನ್ನು ಅದುಮಿದಾಗ ಇಂಜಿನ್ ಸದ್ದು ಬದಲಾಗುತ್ತದೋ ಆ ದಾರಿಯಲ್ಲಿ ಹುಡುಕಿ. ಕಾರ್ಬ್ಯುರೇಟರ್ ಬುಡದ ಗ್ಯಾಸ್ಕೆಟ್ ಸುತ್ತ ಸೋಪು ನೀರು ಚಿಮುಕಿಸಿದಾಗ ಸದ್ದು ಬದಲಾದರೂ ಲೀಕ್ ಗೊತ್ತಾಗುತ್ತದೆ. ಕೆಲವರು ಪೆಟ್ರೋಲನ್ನೇ ಚಿಮುಕಿಸಿ ನೋಡುತ್ತಾರೆ. ದಯವಿಟ್ಟು ಅದು ಬೇಡ, ಪಕ್ಕದಲ್ಲೇ ಕಾದ ಸೈಲೆನ್ಸರ್ ಪೈಪ್ ಇರುತ್ತದೆ.

ನನ್ನ 800ಕ್ಕೂ ಇದೇ ಆಗಿತ್ತು. ಒಂದು ಗ್ಯಾರೇಜ್‌ನಲ್ಲಿ ಕಾರ್ಬ್ಯುರೇಟರನ್ನು ಎರಡು ಸಲ ಬಿಚ್ಚಿ ತೊಳೆದರು. ಎರಡು ದಿನ ಸರಿ, ಆಮೇಲೆ ಮತ್ತೆ ಅದೇ ಕಥೆ. ಒಂದು ಭಾನುವಾರ ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ಒಂದೊಂದೇ ಪೈಪ್ ಬಗ್ಗಿಸಿ ನೋಡಿದೆ. ಕಿರುಬೆರಳಿಗಿಂತ ಸಣ್ಣದೊಂದು ವ್ಯಾಕ್ಯೂಮ್ ಪೈಪ್ ನೋಡಲು ಗಟ್ಟಿಮುಟ್ಟಾಗಿತ್ತು. ಬಗ್ಗಿಸಿದಾಗ ಕೆಳಭಾಗದಲ್ಲಿ ಬಾಯಿ ಬಿಟ್ಟಿತು. ತುದಿಯ ಅರ್ಧ ಇಂಚು ಕತ್ತರಿಸಿ ಮತ್ತೆ ತೂರಿಸಿದೆ. ಇಂಜಿನ್ ನಡುಕ ಆ ಕ್ಷಣಕ್ಕೇ ನಿಂತಿತು. ಹಾಗಾಗಿ ಪೈಪ್‌ಗಳನ್ನು ಸುಮ್ನೆ ನೋಡಿದರೆ ಸಾಲದು, ಬಗ್ಗಿಸಿಯೇ ನೋಡಬೇಕು.

ನಿಮ್ಮ ಗಾಡಿ ನಿಂತಿದ್ದರಿಂದ ಮೊದಲ ಕೆಲಸ ಹಳೆ ಪೆಟ್ರೋಲನ್ನು ಪೂರ್ತಿ ತೆಗೆಸುವುದು. ಈಗಿನ ಪೆಟ್ರೋಲಿನದೂ ಒಂದು ಮಾತಿದೆ. ಶೇಕಡಾ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥೆನಾಲ್‌ನಲ್ಲಿ ಆಕ್ಸಿಜನ್ ಇರುವುದರಿಂದ ಎಥೆನಾಲ್ ಇಲ್ಲದ ಪೆಟ್ರೋಲಿಗೆ ಹೊಂದಿಸಿದ್ದ ಹದ ಈಗ ತೆಳುವಾಗುತ್ತದೆ, ಅಂದರೆ ಗಾಳಿ ಜಾಸ್ತಿಯಾದ ಹಾಗೆ ಆಗುತ್ತದೆ. ಸೆನ್ಸರ್ ಇರುವ ಹೊಸ ಕಾರು ಅದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಕಾರ್ಬ್ಯುರೇಟರ್‌ಗೆ ಅದು ಆಗದು, ಗಾಳಿ-ಪೆಟ್ರೋಲ್ ಹದದ ಸ್ಕ್ರೂ ನಾವೇ ತಿರುಗಿಸಬೇಕು. ಇಷ್ಟು ಎಥೆನಾಲನ್ನು ಆಗಿನ ರಬ್ಬರ್ ಪೈಪ್‌ಗಳು ತಡೆಯುವುದೂ ಕಷ್ಟ. ಪೆಟ್ರೋಲ್ ಪೈಪ್‌ಗಳನ್ನು ಎಥೆನಾಲ್ ತಡೆಯುವಂಥವುಗಳಿಗೆ ಬದಲಾಯಿಸಿಬಿಡಿ. ಇದು ಬೆಂಕಿಯ ವಿಷಯ, ಮುಂದೂಡಬೇಡಿ.

ಇಗ್ನಿಷನ್ (ಕಿಡಿ ಹೊತ್ತಿಸುವ ವ್ಯವಸ್ಥೆ) ಕಡೆ ನೋಡುವುದು ಸುಲಭ. ಮೂರೂ ಪ್ಲಗ್ ಬಿಚ್ಚಿ ಸಾಲಾಗಿ ಇಡಿ. ತುದಿ ಬಿಸ್ಕತ್ತಿನ ಬಣ್ಣ ಇದ್ದರೆ ಒಳ್ಳೆಯದು. ಒಂದು ಮಾತ್ರ ಒದ್ದೆಯಾಗಿ ಕಪ್ಪಗಿದ್ದರೆ ಆ ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಇರುವುದೇ ಮೂರು ಸಿಲಿಂಡರ್. ಒಂದು ಕೈಕೊಟ್ಟರೆ ಮೂರರಲ್ಲೊಂದು ಪಾಲು ಶಕ್ತಿ ಹೋಯಿತು, ಸ್ಟೇರಿಂಗ್ ಸಮೇತ ಇಡೀ ಗಾಡಿ ಕುಣಿಯುತ್ತದೆ. ಪ್ಲಗ್, ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ಪಾಯಿಂಟ್ ಇದ್ದರೆ ಪಾಯಿಂಟ್, ಇವಿಷ್ಟನ್ನೂ ನೋಡಿಸಿ. ಮೂರು ಸಿಲಿಂಡರ್ ಇಂಜಿನ್ ಸ್ವಲ್ಪ ನಡುಗುವುದು ಸಹಜ. ಆಫ್ ಆಗದೆ ಬರೀ ನಡುಕ ಇದ್ದು, ರೇಸ್ ಕೊಟ್ಟ ಕೂಡಲೇ ಅದು ನಿಂತರೆ ಇಂಜಿನ್ ಮೌಂಟಿಂಗ್ ರಬ್ಬರ್ ಕುಸಿದಿರಬಹುದು.

ಇನ್ನು ಟಕಟಕ ಸದ್ದು. ಮೊದಲು ಡಿಪ್‌ಸ್ಟಿಕ್ ತೆಗೆದು ಆಯಿಲ್ ನೋಡಿ. ಆಯಿಲ್ ಸರಿಯಿದ್ದು, ಸದ್ದು ಮೇಲಿನಿಂದ, ಹೊಲಿಗೆ ಮಿಷನ್ ಥರ ಸಣ್ಣಗೆ ಬರುತ್ತಿದ್ದರೆ ಅದು ಟ್ಯಾಪೆಟ್, ಅಂದರೆ ವಾಲ್ವ್ ತೆರೆಸುವ ಭಾಗದ ಸದ್ದು. ಈ ಇಂಜಿನ್‌ನಲ್ಲಿ ಟ್ಯಾಪೆಟ್ ಗ್ಯಾಪನ್ನು ಸ್ಕ್ರೂ ಮತ್ತು ಲಾಕ್ ನಟ್‌ನಿಂದ ಹೊಂದಿಸುತ್ತಾರೆ. ಇಂಜಿನ್ ಪೂರ್ತಿ ತಣ್ಣಗಿರುವಾಗ, ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಹಾಕಿ, ಮ್ಯಾನುಯಲ್‌ನಲ್ಲಿರುವ ಅಳತೆಗೇ ಮಾಡಿಸಬೇಕು. ಸದ್ದು ಪೂರ್ತಿ ಹೋಗಲಿ ಅಂತ ಬಿಗಿ ಮಾಡಿಸಬೇಡಿ. ಬಿಗಿಯಾದ ಟ್ಯಾಪೆಟ್ ಸದ್ದು ಮಾಡುವುದಿಲ್ಲ ನಿಜ. ಆದರೆ ವಾಲ್ವ್ ಸರಿಯಾಗಿ ಮುಚ್ಚದೆ ಸುಟ್ಟುಹೋಗುತ್ತದೆ, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಬೀಳುತ್ತದೆ, ಐಡ್ಲಿಂಗ್ ಕೆಡುತ್ತದೆ. ಬೋರ್ ಹೋಗಿದೆ ಅಂತ ತಪ್ಪು ತಿಳಿಯುವುದಕ್ಕೆ ಇದೂ ಒಂದು ಕಾರಣ.

ಬೆಳಗ್ಗೆ ಟಪಟಪ ಬಂದು ಇಂಜಿನ್ ಬಿಸಿಯಾದ ಮೇಲೆ ಕಡಿಮೆಯಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಲೀಕ್ ಇರಬಹುದು. ಆ ಜಾಗದಲ್ಲಿ ಕಪ್ಪು ಮಸಿ ಅಂಟಿರುತ್ತದೆ. ಕೀಚಲು ಸದ್ದಾದರೆ ಬೆಲ್ಟ್.

ಒಂದು ಸದ್ದಿಗೆ ಮಾತ್ರ ಹೆದರಬೇಕು. ಇಂಜಿನ್ ಬುಡದಿಂದ, ಒಳಗೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ಧಡ್ ಧಡ್ ಅಂತ ಬಂದು, ರೇಸ್ ಕೊಟ್ಟಷ್ಟೂ ಜಾಸ್ತಿಯಾದರೆ ಅದು ಬೇರಿಂಗ್ ಇರಬಹುದು. ಆಗ, ಅಥವಾ ಆಯಿಲ್ ಲೈಟ್ ಉರಿದರೆ, ಅಲ್ಲೇ ಆಫ್ ಮಾಡಿ ಟೋ ಮಾಡಿಸಿ. ಮನೆವರೆಗೆ ಮೆಲ್ಲಗೆ ಹೋಗೋಣ ಅನ್ನಬೇಡಿ.

ಆಫ್ ಆಗುವ ಗಾಡಿಗೆ ಎಷ್ಟೋ ಕಡೆ ಮೊದಲು ಮಾಡುವುದು ಐಡ್ಲಿಂಗ್ ಸ್ಕ್ರೂ ತಿರುಗಿಸಿ ರೇಸ್ ಏರಿಸುವುದು. ಆಫ್ ಆಗುವುದು ನಿಲ್ಲುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ. ಇಂಥ ಗಾಡಿ ತೆಗೆದುಕೊಂಡು ಆಗುಂಬೆ ಘಾಟಿ ಇಳಿದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಇಂಜಿನ್ ಅಷ್ಟಾಗಿ ತಡೆಯುವುದಿಲ್ಲ, ಬ್ರೇಕಿನ ಮೇಲೆ ಭಾರ ಜಾಸ್ತಿ ಬೀಳುತ್ತದೆ. ಆ ಸ್ಕ್ರೂ ಮುಟ್ಟುವುದು ಮೇಲಿನದೆಲ್ಲ ಸರಿಯಾದ ಮೇಲೆ, ಕೊನೆಗೆ.

ಇಷ್ಟಾದರೂ ಸರಿಯಾಗದಿದ್ದರೆ ಕಂಪ್ರೆಷನ್ ಟೆಸ್ಟ್ ಕೇಳಿ. ಟ್ಯಾಪೆಟ್ ಸೆಟ್ ಮಾಡಿದ ಮೇಲೆಯೇ ಮಾಡಿಸಿ. ಮೂರೂ ಪ್ಲಗ್ ಬಿಚ್ಚಿ, ಇಗ್ನಿಷನ್ ಕಡಿತ ಮಾಡಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಸೆಲ್ಫ್ ಹೊಡೆದು ಗೇಜ್ ನೋಡುತ್ತಾರೆ. ಮೂರೂ ನಂಬರ್ ಬರೆದುಕೊಳ್ಳಿ. ಮ್ಯಾನುಯಲ್ ಹೇಳಿದಷ್ಟು ಇದ್ದು, ಒಂದಕ್ಕೊಂದು ಹತ್ತಿರ ಇದ್ದರೆ ಬೋರ್ ಮಾತು ಮುಗಿಯಿತು. ಒಂದು ತೀರಾ ಕಡಿಮೆಯಿದ್ದರೆ ಆ ಸಿಲಿಂಡರ್‌ಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ನೋಡಲಿ. ನಂಬರ್ ಏರಿದರೆ ರಿಂಗ್, ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಆಗ ಹೆಡ್ ಮಾತ್ರ ಬಿಚ್ಚಿದರೆ ಸಾಕು, ಬ್ಲಾಕ್ ಮುಟ್ಟಬೇಕಿಲ್ಲ.

ಬಿಡಿ ಭಾಗಗಳ ಚಿಂತೆ ಜಾಸ್ತಿ ಬೇಡ. 800ರ ತಯಾರಿಕೆ 2014ರಲ್ಲೇ ನಿಂತರೂ ಇದೇ 796 ಸಿಸಿ ಇಂಜಿನ್ ಓಮ್ನಿಯಲ್ಲೂ ಇತ್ತು. ಜೆಟ್, ಗ್ಯಾಸ್ಕೆಟ್ ಕೇಳುವಾಗ ಓಮ್ನಿಯದನ್ನೂ ವಿಚಾರಿಸಿ. ಅಂದಹಾಗೆ, ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಬೆಲ್ಟ್ ಕೊನೆಯ ಸಲ ಯಾವಾಗ ಬದಲಾಯಿಸಿದ್ದು ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೆ, ಈ ಸಲವೇ ಹೊಸದು ಹಾಕಿಸಿ.