ಗಾಯ ಒಣಗಬೇಕೇ, ಮಾಯಬೇಕೇ?

ಗಾಯ ಮಾಯಿತು ಎನ್ನಬೇಕಾದಲ್ಲಿ ನಾವು ‘ಗಾಯ ಒಣಗಿತು’ ಎನ್ನುತ್ತೇವೆ. ಮಾತಿನಲ್ಲಿಯೇ ಬೇರೂರಿರುವುದರಿಂದಲೋ ಏನೋ, ಗಾಯಕ್ಕೆ ಗಾಳಿಯಾಡಬೇಕು, ಹಕ್ಕಳೆ ಗಟ್ಟಿಯಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಂದಿಗೂ ಅಲುಗಾಡಿಲ್ಲ. ಅದು ತಪ್ಪೆಂಬುದಕ್ಕೆ ಪುರಾವೆ 1962ರಲ್ಲೇ ದೊರಕಿದೆ. ಆ ವರ್ಷ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ, ಎಳೆಯ ಹಂದಿಗಳ ಮೈಮೇಲೆ ಮಾಡಿದ ಆಳವಿಲ್ಲದ ಗಾಯಗಳಲ್ಲಿ ಕೆಲವನ್ನು ಗಾಳಿಗೆ ಬಿಟ್ಟು, ಉಳಿದವನ್ನು ತೆಳುವಾದ ಪಾಲಿಥೀನ್ ಹಾಳೆಯಿಂದ ಮುಚ್ಚಿದ ಪ್ರಯೋಗವನ್ನು ಪ್ರಕಟಿಸಿದರು. ಮುಚ್ಚಿದ ಗಾಯಗಳ ಮೇಲೆ ಹೊಸ ಚರ್ಮ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಹರಡಿಕೊಂಡಿತ್ತು. 1963ರಲ್ಲಿ ಹಿನ್ಮನ್ ಮತ್ತು ಮೈಬಾಕ್ ಎಂಬ ಸಂಶೋಧಕರು ಮನುಷ್ಯರ ಚರ್ಮದಲ್ಲಿಯೂ ಇದನ್ನೇ ಕಂಡರು.

ಕಾರಣ ಬಹಳ ಸೊಗಸಾದುದು. ತರಚಿದ ಮೊಣಕಾಲನ್ನು ಕೆಲವು ದಿನಗಳ ಬಳಿಕ ಹತ್ತಿರದಿಂದ ನೋಡಿದರೆ, ಗಾಯದ ಅಂಚಿನಲ್ಲಿ ತಿಳಿಗುಲಾಬಿ ಬಣ್ಣದ, ಹೊಳೆಯುವ ಸಣ್ಣ ಪಟ್ಟಿಯೊಂದು ಕಾಣುತ್ತದೆ. ಅದು ಒಳಮುಖವಾಗಿ ತೆವಳುತ್ತಿರುವ ಹೊರಚರ್ಮದ ಜೀವಕೋಶಗಳ ದಂಡು. ಅಂಚಿನಿಂದಷ್ಟೇ ಅಲ್ಲ, ಉಳಿದ ರೋಮಕೂಪಗಳಿಂದಲೂ ಅವು ಹೊರಡುತ್ತವೆ. ತೆಳುವಾದ ಪಾದದಂತಹ ಭಾಗವನ್ನು ಮುಂದಕ್ಕೆ ಚಾಚಿ, ನೆಲವನ್ನು ಹಿಡಿದು, ಮೈಯನ್ನು ಎಳೆದುಕೊಳ್ಳುವ ಈ ಕೋಶಗಳು ತೇವದಲ್ಲಿ ಮಾತ್ರ ಚಲಿಸಬಲ್ಲವು. ಗಾಯ ಒಣಗಿದಾಗ ಹಕ್ಕಳೆಯ ಜೊತೆಗೆ ಅದರ ಕೆಳಗಿನ ಒಳಚರ್ಮದ ಮೇಲ್ಪದರವೂ ಒಣಗಿ ಸಾಯುವುದರಿಂದ, ಕೋಶಗಳು ತೇವವನ್ನು ಹುಡುಕಿಕೊಂಡು ಕೆಳಗಿಳಿದು, ಕಿಣ್ವಗಳಿಂದ ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳನ್ನು ಕರಗಿಸುತ್ತಾ ದಾರಿ ಮಾಡಿಕೊಳ್ಳಬೇಕಾಗುತ್ತದೆ. ಬಯಲಲ್ಲಿ ನಡೆದು ಹೋಗಬೇಕಾದವನು ಸುರಂಗ ತೋಡುತ್ತಾ ಸಾಗಿದಂತೆ ಅದು; ಹದವಾದ ಮಣ್ಣಿನಲ್ಲಿ ಸಲೀಸಾಗಿ ಹರಡಬಹುದಾಗಿದ್ದ ಬೇರು, ಗಟ್ಟಿ ನೆಲದಡಿಯ ಪಸೆಯನ್ನು ಅರಸಿ ಇಳಿದಂತೆ. ಜಿನುಗುವ ತಿಳಿಹಳದಿ ದ್ರವವನ್ನು ಕೀವೆಂದು ಹೆದರಿ ಒರೆಸುವವರಿದ್ದಾರೆ. ಸೋಂಕಿಲ್ಲದ ಹೊಸ ಗಾಯದಲ್ಲಿ ಅದು ಬಿಳಿ ರಕ್ತಕಣಗಳನ್ನೂ ಬೆಳವಣಿಗೆಗೆ ಪ್ರಚೋದನೆ ಕೊಡುವ ಪ್ರೋಟೀನುಗಳನ್ನೂ ಹೊತ್ತು ತರುವ ದ್ರವ.

ಗಾಯವನ್ನು ತೇವವಾಗಿಡುವುದು ಹಳೆಯ ಬುದ್ಧಿಯೇ ಹೌದು. ಕ್ರಿ.ಪೂ. ಸುಮಾರು 1600ರ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್ ಎಂಬ ವೈದ್ಯಕೀಯ ಹಸ್ತಪ್ರತಿಯಲ್ಲಿ ಗಾಯಕ್ಕೆ ಜೇನು, ಕೊಬ್ಬು ಮತ್ತು ನಾರನ್ನು ಹಚ್ಚುವ ವಿಧಾನವಿದೆ. 1867ರಲ್ಲಿ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ರೋಗಾಣುಗಳನ್ನು ಕೊಲ್ಲಲು ಕಾರ್ಬಾಲಿಕ್ ಆಮ್ಲದ ಬಳಕೆಯನ್ನು ಪ್ರಕಟಿಸಿದ ಮೇಲೆ ರೋಗಾಣುಗಳ ಭಯ ಸಕಾರಣವಾಗಿಯೇ ಮುನ್ನೆಲೆಗೆ ಬಂದಿತು. ಆದರೆ ಮುಚ್ಚಿದರೆ ಸೋಂಕು ಹೆಚ್ಚುತ್ತದೆ ಎಂಬ ಊಹೆಯನ್ನು ಮುಂದಿನ ಅಧ್ಯಯನಗಳು ಎತ್ತಿಹಿಡಿಯಲಿಲ್ಲ: ಸರಿಯಾಗಿ ಮುಚ್ಚಿದ ಪಟ್ಟಿ ಹೊರಗಿನ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ಒಳಗಿನ ಬಿಳಿ ರಕ್ತಕಣಗಳಿಗೂ ತೇವವೇ ಅನುಕೂಲ.

ಸಣ್ಣ ಗಾಯವಾದರೆ ಶುದ್ಧ ನೀರಿನಿಂದ ತೊಳೆದು, ಪೆಟ್ರೋಲಿಯಂ ಜೆಲ್ಲಿ ಸವರಿ, ಗಾಯಕ್ಕೆ ಅಂಟಿಕೊಳ್ಳದ ಪಟ್ಟಿ ಹಾಕಿದರೆ ಸಾಕು. ಹೈಡ್ರೋಜನ್ ಪೆರಾಕ್ಸೈಡ್ ನೊರೆಯುಕ್ಕುವುದನ್ನು ಕಂಡು ಸಮಾಧಾನಪಡುವವರು, ಅದು ಹೊಸ ಕೋಶಗಳನ್ನೂ ಸುಡುತ್ತದೆಂಬುದನ್ನು ಮರೆಯಬಾರದು. ಒಣ ಗಾಜ್ ಬಟ್ಟೆ ಅಂಟಿಕೊಂಡಿದ್ದರೆ ಕಿತ್ತೆಳೆಯದೆ, ನೀರಿನಲ್ಲಿ ನೆನೆಸಿ ಬಿಡಿಸಬೇಕು. ಇಲ್ಲವಾದರೆ ದಿನಗಟ್ಟಲೆ ತೆವಳಿ ಬಂದ ಕೋಶಗಳು ಬಟ್ಟೆಯ ಎಳೆಗಳೊಂದಿಗೇ ಹೊರಬರುತ್ತವೆ.

ತೇವವೆಂದರೆ ತೊಯ್ದು ತೊಪ್ಪೆಯಾಗುವುದಲ್ಲ. ಸುತ್ತಲಿನ ಚರ್ಮ ಬೆಳ್ಳಗಾಗಿ ಸುಕ್ಕುಗಟ್ಟಿದರೆ, ಪಟ್ಟಿ ಬದಲಿಸುವ ಹೊತ್ತು ಮೀರಿದೆ. ಆಳವಾದ ಗಾಯ, ಪ್ರಾಣಿಯ ಕಡಿತ, ಹರಡುವ ಕೆಂಪು, ಮಧುಮೇಹಿಯ ಪಾದದ ಹುಣ್ಣು ಇವೆಲ್ಲ ವೈದ್ಯರು ನೋಡಬೇಕಾದವು. ರಕ್ತ ಹರಿಯದೆ ಕಪ್ಪಾಗಿ ಒಣಗಿದ ಕಾಲ್ಬೆರಳನ್ನಂತೂ ಸಾಮಾನ್ಯವಾಗಿ ಒಣದಾಗಿಯೇ ಇಡುತ್ತಾರೆ. ಅಲ್ಲಿ ತೆವಳಿ ಬರಲು ಜೀವಂತ ಕೋಶಗಳೇ ಉಳಿದಿರುವುದಿಲ್ಲ.