ಅಲ್‌ಜೈಮರ್ ಕಾಯಿಲೆ ಮತ್ತು ಜೀನ್‌ಗಳ ಪಾಲು

ತಂದೆಗೋ ತಾಯಿಗೋ ಅಲ್‌ಜೈಮರ್ ಕಾಯಿಲೆ ಬಂದಿದ್ದರೆ ಮಕ್ಕಳಿಗೂ ಅದು ಕಟ್ಟಿಟ್ಟ ಬುತ್ತಿ ಎಂದು ಭಾವಿಸುವವರು ಬಹಳ. ಹಣೆಬರಹವನ್ನು ನಂಬದ ವಿದ್ಯಾವಂತರೂ ಜೀನ್‌ಗಳನ್ನು ಹಣೆಬರಹದಂತೆಯೇ ನಂಬುತ್ತಾರೆ.

ಈ ಭಯಕ್ಕೆ ಗಟ್ಟಿಯಾದ ಆಧಾರವಿರುವುದು ತೀರಾ ಕೆಲವೇ ಕುಟುಂಬಗಳಲ್ಲಿ. ಎಪಿಪಿ, ಪ್ರೆಸೆನಿಲಿನ್ 1, ಪ್ರೆಸೆನಿಲಿನ್ 2 ಎಂಬ ಮೂರು ಜೀನ್‌ಗಳ ಪೈಕಿ ಒಂದರಲ್ಲಿ ರೋಗಕಾರಕ ಉತ್ಪರಿವರ್ತನೆಯಿದ್ದರೆ ಪ್ರತಿ ಮಗುವಿಗೂ ಅದು ದಾಟುವ ಸಂಭವ ಅರ್ಧಕ್ಕರ್ಧ; ದಾಟಿದವರಲ್ಲಿ ಬಹುತೇಕರಿಗೆ 65 ವರ್ಷ ತುಂಬುವ ಮೊದಲೇ ರೋಗ ಕಾಣಿಸಿಕೊಳ್ಳುತ್ತದೆ. ಒಟ್ಟು ರೋಗಿಗಳಲ್ಲಿ ಇಂಥವರು ಸುಮಾರು ಶೇ. 1, ಅಥವಾ ಅದಕ್ಕೂ ಕಡಿಮೆ.

ಮೂರು ಬೇರೆ ಬೇರೆ ಜೀನ್‌ಗಳು ಒಂದೇ ರೋಗವನ್ನು ತರುವ ಬಗೆ ಸ್ವಾರಸ್ಯಕರವಾಗಿದೆ. ಎಪಿಪಿ ಎಂಬುದು ನರಕೋಶದ ಪೊರೆಯಲ್ಲಿ ನೆಟ್ಟಿರುವ ಉದ್ದನೆಯ ಪ್ರೋಟೀನು. ಅದನ್ನು ಮೊದಲು ಬೀಟಾ ಸೆಕ್ರಿಟೇಸ್, ಆಮೇಲೆ ಗಾಮಾ ಸೆಕ್ರಿಟೇಸ್ ಎಂಬ ಕಿಣ್ವಗಳು ಕತ್ತರಿಸುತ್ತವೆ. ಈ ಎರಡನೆಯ ಕತ್ತರಿಯ ಅಲಗೇ ಪ್ರೆಸೆನಿಲಿನ್. ಅದು ಪ್ರತಿ ಸಲವೂ ಒಂದೇ ಜಾಗದಲ್ಲಿ ಕತ್ತರಿಸುವುದಿಲ್ಲ. ಹೆಚ್ಚಿನ ತುಂಡುಗಳಲ್ಲಿ ಪ್ರೋಟೀನಿನ ಮಣಿಗಳಂತಿರುವ ಅಮೈನೊ ಆಮ್ಲಗಳು 40 ಇದ್ದರೆ, ಕೆಲವು 42ರವರೆಗೆ ಬೆಳೆದಿರುತ್ತವೆ. ಈ ಎರಡು ಹೆಚ್ಚುವರಿ ಅಮೈನೊ ಆಮ್ಲಗಳಿಂದಾಗಿ ತುಂಡುಗಳು ಒಂದಕ್ಕೊಂದು ಸುಲಭವಾಗಿ ಅಂಟಿಕೊಂಡು, 1906ರಲ್ಲಿ ಅಲೋಯಿಸ್ ಅಲ್‌ಜೈಮರ್ ತಮ್ಮ ರೋಗಿ ಆಗಸ್ಟೆ ಡೀಟರ್ ಅವರ ಮಿದುಳಿನಲ್ಲಿ ಕಂಡಂಥ ಗಂಟುಗಳಾಗುತ್ತವೆ. ಪ್ರೆಸೆನಿಲಿನ್‌ನ ಅನೇಕ ಉತ್ಪರಿವರ್ತನೆಗಳು ಉದ್ದ ತುಂಡುಗಳ ಪ್ರಮಾಣವನ್ನು ಹೆಚ್ಚಿಸುತ್ತವೆ. ಎಪಿಪಿ ಜೀನ್ ಇರುವುದು 21ನೆಯ ವರ್ಣತಂತುವಿನಲ್ಲಿ. ಆ ವರ್ಣತಂತುವಿನ ಮೂರು ಪ್ರತಿಗಳಿರುವ ಡೌನ್ ಸಿಂಡ್ರೋಮ್‌ನವರಲ್ಲಿ ಕಚ್ಚಾವಸ್ತುವೇ ಹೆಚ್ಚಾಗುವುದರಿಂದ ನಲವತ್ತರ ಹೊತ್ತಿಗೇ ಇಂಥ ಗಂಟುಗಳು ಕಾಣುತ್ತವೆ. ಇದಕ್ಕೆ ವ್ಯತಿರಿಕ್ತವಾಗಿ, ಬೀಟಾ ಸೆಕ್ರಿಟೇಸ್‌ನ ಕೆಲಸವನ್ನು ತಗ್ಗಿಸಿ ರೋಗದಿಂದ ರಕ್ಷಣೆ ಕೊಡುವ ಎಪಿಪಿ ರೂಪವೊಂದು ಐಸ್‌ಲೆಂಡಿನ ಜನರಲ್ಲಿ ಇರುವುದು 2012ರಲ್ಲಿ ವರದಿಯಾಯಿತು.

ಉಳಿದ ಬಹುಪಾಲು ರೋಗಿಗಳ ವಿಚಾರದಲ್ಲಿ ಮುಖ್ಯವಾದುದು ಎಪಿಒಇ ಎಂಬ ಇನ್ನೊಂದು ಜೀನ್‌ನ ಇ4 ರೂಪ; ಈ ರೋಗದೊಂದಿಗೆ ಅದರ ನಂಟನ್ನು ಗುರುತಿಸಿದ್ದು 1993ರಲ್ಲಿ. ಸಾಮಾನ್ಯವಾದ ಇ3ಕ್ಕೂ ಇದಕ್ಕೂ ಇರುವ ವ್ಯತ್ಯಾಸ 299 ಅಮೈನೊ ಆಮ್ಲಗಳಲ್ಲಿ ಒಂದೇ ಒಂದು. ಇ4ರ ಒಂದು ಪ್ರತಿ ಅಪಾಯವನ್ನು ಸುಮಾರು ಮೂರು ಪಟ್ಟು ಹೆಚ್ಚಿಸುತ್ತದೆ, ಎರಡು ಪ್ರತಿಗಳಿದ್ದರೆ ಇನ್ನೂ ಬಹಳ ಹೆಚ್ಚು. ಹಾಗಿದ್ದರೂ ಇ4 ಇರುವ ಅನೇಕರಿಗೆ ಕಾಯಿಲೆ ಬರುವುದೇ ಇಲ್ಲ. ಅದಿಲ್ಲದ ಅನೇಕರಿಗೆ ಬರುತ್ತದೆ. ಇ4 ಇದೆಯೆಂಬ ಪರೀಕ್ಷಾ ವರದಿಯನ್ನು ರೋಗನಿರ್ಣಯವೆಂದು ಓದುವುದು ತಪ್ಪು.

ಖಚಿತವೆನ್ನಿಸಿಕೊಂಡ ಉತ್ಪರಿವರ್ತನೆಗೂ ಅಪವಾದವಿದೆ. ಕೊಲಂಬಿಯಾದ ಒಂದು ದೊಡ್ಡ ಬಂಧುಬಳಗದಲ್ಲಿ ಪ್ರೆಸೆನಿಲಿನ್ 1ರ ದೋಷವುಳ್ಳವರ ನೆನಪು ನಲವತ್ತರ ನಡುವಿನಲ್ಲೇ ಕುಂದತೊಡಗುತ್ತದೆ. ಅದೇ ದೋಷವಿದ್ದ ಒಬ್ಬ ಮಹಿಳೆ ಎಪ್ಪತ್ತರ ವಯಸ್ಸಿನವರೆಗೂ ಚೆನ್ನಾಗಿದ್ದುದು 2019ರಲ್ಲಿ ಪ್ರಕಟವಾಯಿತು. ಆಕೆಯ ಮಿದುಳಿನಲ್ಲಿ ಅಮಿಲಾಯ್ಡ್, ಅಂದರೆ ಎಪಿಪಿಯ ತುಂಡುಗಳು ಅಂಟಿಕೊಂಡು ಆದ ಗಂಟು, ವಿಪರೀತವಾಗಿಯೇ ಇತ್ತು, ಆದರೆ ನರಕೋಶಗಳನ್ನು ಕೆಡಿಸುವ ಟೌ ಪ್ರೋಟೀನಿನ ಸಿಕ್ಕುಗಳು ಕಡಿಮೆಯಿದ್ದವು. ಎಪಿಒಇ ಜೀನ್‌ನ ‘ಕ್ರೈಸ್ಟ್‌ಚರ್ಚ್’ ಎಂಬ ಅಪರೂಪದ ರೂಪದ ಎರಡು ಪ್ರತಿಗಳು ಆಕೆಯಲ್ಲಿದ್ದವು. ಆ ರೂಪದ ಪರಿಣಾಮವನ್ನು ಪ್ರತಿಕಾಯಗಳ ಮೂಲಕ ಪಡೆಯುವ ಪ್ರಯೋಗಗಳು ಈಗ ನಡೆದಿವೆ.